ಹುಣಸೆಮರದ ಮೇಲಿನ ಸೋದರಮಾವ

"ಇಳೀಲಾ, ಬೇಡ್ವಾ?"

ಕನಕರಾಜ್ ಕಥೆಯಲ್ಲಿ ಹುಣಸೆಮರವಾಗಿದ್ದ ಅಕ್ಕಿ ಡ್ರಮ್ಮಿನ ಮೇಲೆ ನಿಂತು, ಎರಡೂ ಕೈಯಲ್ಲಿ ಕಿಟಕಿಯ ಸರಳು ಹಿಡಿದುಕೊಂಡು, ಕತ್ತು ತಿರುಗಿಸಿ ಕೇಳಿದ.

"ಬ್ಯಾಡ!" ಎಂದು ಕೆಳಗೆ ಚಾಪೆಯ ಮೇಲಿದ್ದ ಮಕ್ಕಳು ಒಟ್ಟಿಗೆ ಕೂಗಿದರು.

"ಕಾಲು ನೋಯ್ತಾ ಐತೆ ಕಣ್ರೋ."

"ಬ್ಯಾಡ!"

"ಕೆಳಗೇನೈತೆ ಅಂಥಾದ್ದು?"

"ಕರಡಿ!" ಎಂದರು ಗೋಡೆ ಪಕ್ಕದವರು. "ಜೇಸಿಬಿ!" ಎಂದರು ಬಾಗಿಲ ಪಕ್ಕದವರು. ಎರಡು ಪಕ್ಷಗಳೂ ಜುಟ್ಟು ಹಿಡಿಯುವ ಹಂತಕ್ಕೆ ಬಂದವು. ಮರದ ಮೇಲಿದ್ದರೂ ಕನಕರಾಜನಿಗೆ ನ್ಯಾಯದ ಪ್ರಜ್ಞೆ ತಪ್ಪಿರಲಿಲ್ಲ.

"ಕರಡೀನೇ ಜೇಸಿಬಿ ಓಡಿಸ್ತಾ ಐತೆ. ಆಗ್ಬೋದಾ?"

"ಹೂಂ!"

ಆ ಕ್ಷಣದಿಂದ ಕರಡಿ ಹುಣಸೆಮರದ ಬುಡ ಅಗೆಯತೊಡಗಿತು. ಡ್ರಮ್ಮು ನಿಜವಾಗಿಯೂ ಅಲ್ಲಾಡಿತು. ಕನಕರಾಜ್ ನಿಜವಾಗಿಯೂ ಹೆದರಿದ. ಅದನ್ನು ಅಭಿನಯ ಎಂದು ತಿಳಿದು ಮಕ್ಕಳು ಚಪ್ಪಾಳೆ ತಟ್ಟಿದರು.

"ಈಗ ಕೋನಪ್ಪ ಮಾವ ಏನ್ ಮಾಡ್ಲಿ? ಮೆಲ್ಲಗೆ ಇಳಿದು ಶಿರೀಷಾ ಮನೆಗೆ ಹೋಗ್ಲಾ?"

ಮುಂದಿನ ಸಾಲಿನಲ್ಲಿದ್ದ ಶಿರೀಷಾ ಎದ್ದು ನಿಂತಳು. ನಾಲ್ಕು ವರ್ಷದ ಹುಡುಗಿ. ಅಷ್ಟು ಹೊತ್ತೂ ಕೂಗದೆ ಯೋಚಿಸುತ್ತಿದ್ದವಳು ಅವಳೊಬ್ಬಳೇ.

"ಅಲ್ಲೇ ಇರ್ಲಿ" ಎಂದಳು.

"ಅಲ್ಲೇ ಇರ್ಲಿ! ಅಲ್ಲೇ ಇರ್ಲಿ!" ಎಂದು ಮಿಕ್ಕವರೆಲ್ಲ ಕುಣಿದರು. ಅಷ್ಟರಲ್ಲಿ ಆಯಾ ಲಕ್ಷ್ಮಿದೇವಮ್ಮ ಬೇಯಿಸಿದ ಮೊಟ್ಟೆಯ ತಟ್ಟೆ ಹಿಡಿದು ಒಳಗೆ ಬಂದಳು. ಬೇಯಿಸಿದ ಮೊಟ್ಟೆಯ ಎದುರು ನಿಲ್ಲಬಲ್ಲ ಕಲೆ ಜಗತ್ತಿನಲ್ಲಿ ಇನ್ನೂ ಹುಟ್ಟಿಲ್ಲ. ಕ್ಷಣದಲ್ಲಿ ಚಾಪೆ ಖಾಲಿಯಾಯಿತು.

"ಇಳೀರಿ ಇನ್ನ" ಎಂದಳು ಜ್ಯೋತಿಲಕ್ಷ್ಮಿ. ಅವಳು ಆ ಅಂಗನವಾಡಿಯ ಟೀಚರು, ಕನಕರಾಜನ ಹೆಂಡತಿ. ಇಷ್ಟು ಹೊತ್ತೂ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದಳು.

"ಮಕ್ಕಳು ಹೇಳಿಲ್ವಲ್ಲ" ಎಂದ ಕನಕರಾಜ್.

"ರೀ, ಕಥೆ ಮುಗಿಸಿ ಇಳೀರಿ ಅಂದೆ. ವಿಡಿಯೋ ಕಳಿಸ್ಬೇಕು."

"ಮುಗಿಸೋಕೆ ನಾನ್ಯಾರು ಜ್ಯೋತಿ? ಇದು ಇಂಟರ್ಯಾಕ್ಟಿವ್ ಕಥೆ. ಮಕ್ಕಳು ಇಳಿ ಅಂದಾಗ ಮಾವ ಇಳೀತಾನೆ. ಅಲ್ಲೀವರ್ಗೂ ಸಸ್ಪೆನ್ಸು."

ಹಾಗೆಂದು ಅವನು ಡ್ರಮ್ಮಿನಿಂದ ಇಳಿದ. ಕಥೆಯ ಕೋನಪ್ಪ ಮಾವ ಇಳಿಯಲಿಲ್ಲ. ಮುಂದಿನ ಅನಾಹುತಕ್ಕೆಲ್ಲ ಕಾರಣ ಈ ಸಣ್ಣ ವ್ಯತ್ಯಾಸ.

ಜಂಗಮಕೋಟೆಯಿಂದ ಅಷ್ಟು ದೂರವೂ ಅಲ್ಲದ ಆ ಊರಿನಲ್ಲಿ ಕನಕರಾಜನಿಗೆ ಅಂಥ ದೊಡ್ಡ ಹೆಸರೇನೂ ಇರಲಿಲ್ಲ. ಕ್ರಾಸಿನಲ್ಲಿ ಅವನದೊಂದು ಜೆರಾಕ್ಸ್ ಅಂಗಡಿ. ಇಡೀ ದಿನ ಬೇರೆಯವರ ಆಧಾರ್ ಕಾರ್ಡು, ಪಹಣಿಗಳನ್ನು ನಕಲು ಮಾಡುವವನಿಗೆ ಒಂದು ದಿನವಾದರೂ ಏನನ್ನಾದರೂ ಅಸಲಾಗಿ ಮಾಡಬೇಕೆಂಬ ಆಸೆ ಹುಟ್ಟುವುದು ಸಹಜ. ಇಲಾಖೆಯಿಂದ ಸುತ್ತೋಲೆ ಬಂದಿತ್ತು: ಮಕ್ಕಳಿಗೆ ಕಥೆ ಹೇಳಿದರೆ ಸಾಲದು, ಮಕ್ಕಳು ಕಥೆಯ ಒಳಗಿರಬೇಕು, ಪ್ರತಿ ತಿರುವಿನಲ್ಲೂ ಅವರನ್ನು ಕೇಳಬೇಕು, ವಿಡಿಯೋ ಮಾಡಿ ಕಳಿಸಬೇಕು. ಜ್ಯೋತಿಲಕ್ಷ್ಮಿಗೆ ಮಕ್ಕಳ ತೂಕ ನೋಡಿ, ಎತ್ತರ ನೋಡಿ, ಬಾಣಂತಿಯರಿಗೆ ಕಾಳು ಹಂಚಿ, ಎಲ್ಲವನ್ನೂ ಆ್ಯಪಿಗೆ ಏರಿಸುವಷ್ಟರಲ್ಲಿ ಕಥೆಗೆ ಉಸಿರು ಉಳಿಯುತ್ತಿರಲಿಲ್ಲ. "ಕಥೆ ಏನ್ ದೊಡ್ಡ ವಿಷ್ಯ, ನಾನ್ ಹೇಳ್ತೀನಿ ಬಿಡು" ಎಂದು ಕನಕರಾಜ್ ಎದೆ ಉಬ್ಬಿಸಿದ. ಎರಡು ರಾತ್ರಿ ಮೊಬೈಲಿನಲ್ಲಿ ಪರದೇಶದವರು ಮಕ್ಕಳ ಮುಂದೆ ಮೊಲವಾಗುವುದನ್ನೂ ಮರವಾಗುವುದನ್ನೂ ನೋಡಿದ. ಮೂರನೆಯ ದಿನ ತಾನೂ ಮರ ಹತ್ತಿದ.

ಜ್ಯೋತಿಲಕ್ಷ್ಮಿ ಒಪ್ಪಿದ್ದಕ್ಕೆ ಬೇರೆ ಕಾರಣವಿತ್ತು. ಮೈಮೇಲೆ ಮೊಲದ ಚಿತ್ರ ಬರೆಸಿಕೊಂಡ ಒಂದು ಹಳದಿ ವ್ಯಾನು ದಿನಾ ಬೆಳಿಗ್ಗೆ ಊರಿಗೆ ಬಂದು ಎಲ್‌ಕೆಜಿಗೆ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. ಇನ್ನೂ ನಾಲ್ಕು ಮಕ್ಕಳು ಆ ವ್ಯಾನು ಹತ್ತಿದರೆ ಈ ಅಂಗನವಾಡಿಯನ್ನು ಕೆರೆಯ ಆಚೆ ಊರಿನದಕ್ಕೆ ಸೇರಿಸಿಬಿಡುವುದಾಗಿ ಶಿಡ್ಲಘಟ್ಟದ ಸೂಪರ್‌ವೈಸರು ಹೇಳಿದ್ದರು. ಉಳಿದಿರುವ ಮಕ್ಕಳು ಉಳಿಯಬೇಕು. ಅದಕ್ಕಾಗಿ ಗಂಡ ಡ್ರಮ್ಮು ಹತ್ತುವುದಾದರೆ ಹತ್ತಲಿ ಎಂದುಕೊಂಡಿದ್ದಳು.

ಇನ್ನು ಕೋನಪ್ಪ ಕಥೆಯೊಳಕ್ಕೆ ಬಂದದ್ದು ಹೀಗೆ. "ಒಂದೂರಲ್ಲಿ ಒಬ್ಬ ಮಾವ ಇದ್ದ. ಯಾರ ಮಾವ?" ಎಂದು ಕನಕರಾಜ್ ಕೇಳಿದ್ದ. ಎಲ್ಲರಿಗಿಂತ ಮೊದಲು ಶಿರೀಷಾ ಹೇಳಿದ್ದಳು: "ನಮ್ಮ ಕೋನಪ್ಪ ಮಾವ. ಶುಕ್ರವಾರಕ್ಕೆ ಬರ್ತಾನೆ. ಓಲೆ ತರ್ತಾನೆ. ನಂಗೆ ಕಿವಿ ಚುಚ್ತಾರೆ."

ಕೋರ್ಟಿಗೆ ಹಾಜರಾಗಬೇಕಾದವರು ವಾಯಿದೆಯ ದಿನ ಹೇಳುವ ದನಿ ಅದು. ಕಿವಿ ಚುಚ್ಚಿಸಿಕೊಳ್ಳುವುದು ತನಗೆ ಬೇಡವೆಂದು ಅವಳು ತಿಂಗಳಿಂದ ಮನೆಯಲ್ಲಿ ಹೇಳುತ್ತಲೇ ಇದ್ದಳು. ಅದನ್ನು ಯಾರೂ ಅಭಿಪ್ರಾಯವೆಂದು ಪರಿಗಣಿಸಿರಲಿಲ್ಲ. ಹಟವೆಂದು ಪರಿಗಣಿಸಿದ್ದರು.

ಮಗುವಿಗೆ ವರ್ಷ ತುಂಬುವಾಗಲೇ ಆಗಬೇಕಿದ್ದ ಕಾರ್ಯ. ಆಗ ತಾತ ತೀರಿಕೊಂಡರು. ಆಮೇಲೆ ಒಂದರ ಹಿಂದೆ ಒಂದು ರೇಷ್ಮೆ ಬೆಳೆ. ಹುಳು ಮನೆಯಲ್ಲಿದ್ದಾಗ ನೆಂಟರಿಷ್ಟರು ಬರುವಂತಿಲ್ಲ, ಒಗ್ಗರಣೆ ಘಾಟು ಏಳುವಂತಿಲ್ಲ. ಗೂಡು ಮಾರ್ಕೆಟ್ಟಿಗೆ ಹೋಗಿ ಮುಂದಿನ ಮರಿಹುಳು ಮನೆಗೆ ಬರುವ ನಡುವೆ ಸಿಗುವ ಕೆಲವೇ ದಿನಗಳಲ್ಲಿ ಈ ಕಡೆಯ ಮದುವೆ ಮಾತುಕತೆ, ನಾಮಕರಣ, ಜಗಳ ಎಲ್ಲ ಮುಗಿಯಬೇಕು. ಈ ಸಲ ಗೂಡು ಸೋಮವಾರ ಹೋಗಿತ್ತು. ಮರಿಹುಳು ಭಾನುವಾರ ಬರುವುದಿತ್ತು. ಶುಕ್ರವಾರವೇ ಗಟ್ಟಿ. ಮಗು ಸೋದರಮಾವನ ತೊಡೆಯ ಮೇಲೆ ಕೂತರೆ ಮಾತ್ರ ಕಿವಿ ಚುಚ್ಚುವ ಆಚಾರಿ ಸೂಜಿ ಎತ್ತುವುದು. ಮಾವನಿಲ್ಲದಿದ್ದರೆ ಕಾರ್ಯವಿಲ್ಲ.

ಆ ಮಾವ ಕಥೆ ಹೇಳಿದ ಮರುದಿನ, ಗುರುವಾರ ಮಧ್ಯಾಹ್ನವೇ ನಗರಗೆರೆಯಿಂದ ಬಂದು ಇಳಿಯಬೇಕಿತ್ತು. ಬರಲಿಲ್ಲ. ಫೋನು ಸ್ವಿಚ್ ಆಫ್.

"ನಿಮ್ಮ ಮಾವ ಎಲ್ಲಮ್ಮ ಇನ್ನೂ?" ಎಂದು ಶಿರೀಷಾಳ ಅಜ್ಜಿ ಅಕ್ಕಯ್ಯಮ್ಮ ತಮಾಷೆಗೆ ಮೊಮ್ಮಗಳನ್ನು ಕೇಳಿದಳು.

"ಮರದ ಮೇಲೆ."

"ಯಾವ ಮರ?"

"ಹುಣಸೆಮರ. ಕೆಳಗೆ ಕರಡಿ ಐತೆ. ಜೇಸಿಬಿ ಓಡಿಸ್ತೈತೆ."

"ಯಾರೇ ಹೇಳಿದ್ದು?"

"ಟೀಚರ್ ಅಂಕಲ್. ಕಥೆ."

ಅಕ್ಕಯ್ಯಮ್ಮ ಕರಡಿಗೆ ಬೆಚ್ಚಲಿಲ್ಲ. ಜೇಸಿಬಿಗೂ ಬೆಚ್ಚಲಿಲ್ಲ. "ಎಷ್ಟೊತ್ತಲ್ಲಿ ಹೇಳ್ದ?" ಎಂದಳು.

"ನಿನ್ನೆ. ಮೊಟ್ಟೆ ಕೊಡೋಕೆ ಮುಂಚೆ."

"ಅಯ್ಯೋ ನಾಯನಾ! ಹಗಲೊತ್ತಾ?"

ಅವಳು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

ಹಗಲು ಹೊತ್ತು ಕಥೆ ಹೇಳಿದರೆ ಕೇಳಿದವರ ಸೋದರಮಾವ ದಾರಿ ತಪ್ಪುತ್ತಾನೆ. ಈ ಸೀಮೆಯಲ್ಲಿ ಅಜ್ಜಿಯ ಪಕ್ಕದಲ್ಲಿ ಮಲಗಿ ಬೆಳೆದವರಿಗೆಲ್ಲ ಇದು ಗೊತ್ತು. ಇದಕ್ಕೆ ಯಾವ ಶಾಸ್ತ್ರದಲ್ಲೂ ಆಧಾರವಿಲ್ಲ, ಆದ್ದರಿಂದ ಯಾರೂ ಇದನ್ನು ಸುಳ್ಳೆಂದು ಸಾಧಿಸಲಾರರು. ದಿನಕ್ಕೆ ಹಲವು ಸಲ ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳುವಿಗೆ ಹಾಕಬೇಕಾದ ಮನೆಯಲ್ಲಿ ಅಜ್ಜಿ ನಡು ಹಗಲಲ್ಲಿ ಕಥೆಗೆ ಕೂತರೆ ಗತಿಯೇನು ಎಂದು ಯೋಚಿಸಿದ ಯಾವಳೋ ಜಾಣೆ ಪಾಪದ ಸೋದರಮಾವನನ್ನು ತಂದು ಕಾವಲಿಗೆ ನಿಲ್ಲಿಸಿರಬೇಕು. ಇರಲಿ. ಕಾವಲುಗಾರನೇ ಕಾಣೆಯಾಗಿರುವಾಗ ಅವನನ್ನು ನೇಮಿಸಿದವರು ಯಾರೆಂದು ವಿಚಾರಿಸುವುದು ಸಭ್ಯತೆಯಲ್ಲ.

ಸಂಜೆ ಅಕ್ಕಯ್ಯಮ್ಮ ಸೊಸೆ ಪವಿತ್ರಳನ್ನು ಕರೆದುಕೊಂಡು ಜೆರಾಕ್ಸ್ ಅಂಗಡಿಗೆ ಬಂದಳು. ಹಾಲಿನ ಡೇರಿ ಸೆಕ್ರೆಟರಿ ರಾಮಾಂಜಿನಪ್ಪ ಪಾಸ್‌ಬುಕ್ ನಕಲು ಮಾಡಿಸುತ್ತ ನಿಂತಿದ್ದ.

"ಏನಪ್ಪಾ ಕನಕರಾಜು, ನಮ್ಮ ಸೊಸೆ ತಮ್ಮ ನಿಂಗೇನ್ ಮಾಡಿದ್ದ?"

"ಯಾರು ಅಕ್ಕಯ್ಯಮ್ಮೋರೆ?"

"ಕೋನಪ್ಪ. ಮರದ ಮೇಲೆ ಕೂರ್ಸಿದ್ದೀಯಂತಲ್ಲ."

ಕನಕರಾಜನ ಮುಖ ಅರಳಿತು. ತನ್ನ ಕಲೆ ಒಂದೇ ದಿನದಲ್ಲಿ ಹಿರಿಯರನ್ನೂ ತಲುಪಿದೆ. "ಅದಾ! ನಿಮ್ಗೂ ಇಷ್ಟ ಆಯ್ತಾ? ನಾನಲ್ಲ ಕೂರ್ಸಿದ್ದು, ಮಕ್ಕಳೇ ಕೂರ್ಸಿದ್ದು."

"ನಮ್ಮನೆಯವ್ರು ಮಧ್ಯಾಹ್ನದಿಂದ ಬಸ್ ಸ್ಟ್ಯಾಂಡಲ್ಲಿ ಕಾಯ್ತಾವ್ರೆ, ಕನಕಣ್ಣ" ಎಂದಳು ಪವಿತ್ರ. ಅವಳು ಆಗಲೇ ಅತ್ತಾಗಿತ್ತು. "ಫೋನು ಹೋಗ್ತಿಲ್ಲ. ಮನೇಲಿ ಕೇಳಿದ್ರೆ ಬೆಳಿಗ್ಗೇನೇ ಬಿಟ್ಟ ಅಂತಾರೆ. ನನ್ನ ತಮ್ಮ ಅಂಥೋನಲ್ಲ."

"ಅದಕ್ಕೂ ಕಥೆಗೂ ಏನಮ್ಮಾ ಸಂಬಂಧ?"

"ಹಗಲೊತ್ತು ಹೇಳಿದ್ದೀಯಲ್ಲಪ್ಪ" ಎಂದಳು ಅಕ್ಕಯ್ಯಮ್ಮ. "ಹೇಳಿದ್ದು ಹೇಳ್ದೆ, ನಡುವಲ್ಲೇ ಬಿಟ್ಟು ಎದ್ದು ಬಂದೆ. ಆ ಮನುಷ್ಯ ಎಲ್ಲಿಗ್ ಹೋಗ್ಬೇಕು?"

ಮೂಢನಂಬಿಕೆಯ ಬಗ್ಗೆ ಎರಡು ಮಾತಾಡೋಣವೆಂದು ಕನಕರಾಜ್ ಬಾಯಿ ತೆರೆದ. ಆದರೆ ರಾಮಾಂಜಿನಪ್ಪ ಮೊದಲೇ ಬಾಯಿ ತೆರೆದಿದ್ದ. "ಅಲ್ಲಾ, ಅದಕ್ಕೇನಾ! ನಮ್ಮ ಹುಡುಗನೂ ನಿನ್ನೆ ಅಲ್ಲೇ ಇದ್ದ. ನನ್ನ ಬಾಮೈದ ಟೊಮೇಟೊ ತಗೊಂಡು ಚಿಂತಾಮಣಿ ಮಾರ್ಕೆಟ್ಟಿಗೆ ಹೋದೋನು, ಕೈವಾರ ಕ್ರಾಸಲ್ಲಿ ಎಡಕ್ಕೆ ತಿರುಗೋ ಬದ್ಲು ನೇರ ಹೋಗ್ಬಿಟ್ಟವ್ನೆ. ಹುಟ್ಟಿದಾಗಿಂದ ಓಡಾಡೋ ರಸ್ತೆ!"

"ಮೊಬೈಲ್ ನೋಡ್ಕೊಂಡು ಓಡಿಸಿರ್ಬೇಕು" ಎಂದ ಕನಕರಾಜ್.

"ಮೊಬೈಲ್ ದಿನಾ ನೋಡ್ತಾನೆ. ದಾರಿ ತಪ್ಪಿದ್ದು ನಿನ್ನೆ."

ಈ ತರ್ಕದ ಎದುರು ಜೆರಾಕ್ಸ್ ಯಂತ್ರ ಕೂಡ ಪೇಪರು ಕಚ್ಚಿಕೊಂಡು ನಿಂತಿತು.

ರಾತ್ರಿ ಊಟದ ಹೊತ್ತಿಗೆ ಊರಿನಲ್ಲಿ ದಾರಿ ತಪ್ಪದ ಸೋದರಮಾವನಿರುವ ಮನೆಯೇ ಉಳಿದಿರಲಿಲ್ಲ. ಒಬ್ಬನು ದೇವನಹಳ್ಳಿಯಲ್ಲಿ ಬೇರೆಯವರ ಬೈಕು ಹತ್ತಿ ಮನೆಗೆ ಬಂದಿದ್ದ. ಇನ್ನೊಬ್ಬನು ಚಿಕ್ಕಬಳ್ಳಾಪುರದ ಮದುವೆಗೆ ಹೋಗಿ, ಪಕ್ಕದ ಛತ್ರದಲ್ಲಿ ಉಂಡು, ಅಲ್ಲೇ ಮುಯ್ಯಿ ದುಡ್ಡನ್ನೂ ಓದಿಸಿ ಬಂದಿದ್ದ. ಹೆಂಡತಿಯೊಡನೆ ಜಗಳವಾಡಿ ಹತ್ತು ವರ್ಷದ ಹಿಂದೆ ಮನೆ ಬಿಟ್ಟವನೊಬ್ಬನನ್ನೂ ಕನಕರಾಜನ ಲೆಕ್ಕಕ್ಕೇ ಬರೆಯಲಾಯಿತು. ಆಗ ಈ ಕಥೆ ಇರಲಿಲ್ಲವಲ್ಲ ಎಂದು ಯಾರೋ ಹೇಳಿದ್ದಕ್ಕೆ, ಬೇರೆ ಯಾವುದೋ ಹೇಳಿರಬೇಕು ಎಂಬ ಉತ್ತರ ಬಂತು.

ಇದರಲ್ಲಿ ನಗುವಂಥದ್ದು ಎಷ್ಟಿದ್ದರೂ ಜ್ಯೋತಿಲಕ್ಷ್ಮಿ ನಗಲಿಲ್ಲ. ತಾಯಂದಿರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು, "ಬೇಜಾರ್ ಮಾಡ್ಕೋಬೇಡಿ ಟೀಚರ್, ಆ ಕಥೆ ಮುಗಿಯೋವರ್ಗೂ ಮಗೂನ ಕಳಿಸಲ್ಲ" ಎಂದು ಹೇಳಿ ಹೋಗುತ್ತಿದ್ದರು. ಒಬ್ಬಳು ಹಳದಿ ವ್ಯಾನಿನವನ ನಂಬರು ಕೇಳಿಕೊಂಡು ಹೋದಳು. ಅದರ ಮೇಲೆ ಸೂಪರ್‌ವೈಸರ್ ಅಮೃತ ಮೇಡಂ ಫೋನು: "ವಿಡಿಯೋ ತುಂಬಾ ಚೆನ್ನಾಗಿದೆ ಜ್ಯೋತಿಲಕ್ಷ್ಮಿ. ನಾಳೆ ನಾನೇ ಬಂದು ನೋಡ್ತೀನಿ. ಎಲ್ಲಾ ಮಕ್ಕಳೂ ಇರ್ಬೇಕು."

"ನಾಳೆ ಒಂದ್ ಮಗೂನೂ ಇರಲ್ಲ" ಎಂದಳು ಜ್ಯೋತಿಲಕ್ಷ್ಮಿ ಫೋನಿಟ್ಟ ಮೇಲೆ. "ಕೆರೆ ಆಚೆಗೆ ನಡ್ಕೊಂಡು ಹೋಗ್ತೀನಿ ನಾನು ಇನ್ಮೇಲೆ. ನೀವು ಮರದ ಮೇಲೇ ಇರಿ."

"ಕೋನಪ್ಪನ್ನ ಇಳಿಸ್ತೀನಿ ಜ್ಯೋತಿ."

"ಹೆಂಗೆ?"

"ಇಳಿದ ಅಂತೀನಿ. ಮುಗೀತು."

ಹಾಗೆ ಮುಗಿಯುವಂತಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಂಗನವಾಡಿಯ ಚಾಪೆ ಖಾಲಿ ಬಿದ್ದಿತ್ತು. ಹತ್ತು ಗಂಟೆಯ ಹೊತ್ತಿಗೆ ಬೀದಿಯ ತುದಿಯಲ್ಲಿ ಒಂದು ಮೆರವಣಿಗೆ ಕಾಣಿಸಿತು. ಮುಂದೆ ಅಕ್ಕಯ್ಯಮ್ಮ. ಅವಳ ಕೈಯಲ್ಲಿ ರೇಷ್ಮೆ ಲಂಗದ ಶಿರೀಷಾ. ಹಿಂದೆ ಪವಿತ್ರ, ಕಾರ್ಯಕ್ಕೆ ಬಂದ ನೆಂಟರು, ಸೂಜಿಯ ಚೀಲ ಕಂಕುಳಲ್ಲಿಟ್ಟುಕೊಂಡು "ನಂಗೆ ಇನ್ನೊಂದೂರಿಗೆ ಹೋಗ್ಬೇಕು" ಎಂದು ಗೊಣಗುವ ಆಚಾರಿ. ಅವರ ಹಿಂದೆ, ಏನಾಗುತ್ತದೋ ನೋಡೋಣವೆಂದು ಮಕ್ಕಳನ್ನು ಎತ್ತಿಕೊಂಡ ಎಲ್ಲಾ ತಾಯಂದಿರು. ಹೀಗೆ ಒಂದು ಮಗುವನ್ನೂ ಕಳಿಸುವುದಿಲ್ಲವೆಂದು ಊರೆಲ್ಲ ತೀರ್ಮಾನಿಸಿದ ದಿನವೇ ಆ ಅಂಗನವಾಡಿಯಲ್ಲಿ ಹಿಂದೆಂದೂ ಕಾಣದ ಹಾಜರಾತಿಯಾಯಿತು.

"ಹಗಲಲ್ಲಿ ಹತ್ತಿಸ್ದೋನು ಹಗಲಲ್ಲೇ ಇಳಿಸ್ಬೇಕು" ಎಂದಳು ಅಕ್ಕಯ್ಯಮ್ಮ. "ಹತ್ತಪ್ಪ ಡ್ರಮ್ಮು."

ಕನಕರಾಜ್ ಹತ್ತಿದ. ಗಂಟಲು ಸರಿ ಮಾಡಿಕೊಂಡ. "ಆಮೇಲೆ ಏನಾಯ್ತು ಅಂದ್ರೆ, ಕರಡಿಗೆ ಡೀಸೆಲ್ ಖಾಲಿ ಆಯ್ತು. ಕೋನಪ್ಪ ಮಾವ ಸರಸರ ಅಂತ ಮರ ಇಳಿದು..."

"ಹೂಂ!" ಎಂದರು ಹಿರಿಯರೆಲ್ಲ ಒಕ್ಕೊರಲಿನಿಂದ. ಆಚಾರಿಯೂ ಎಂದ.

"ಸುಳ್ಳು!" ಎಂದರು ಮಕ್ಕಳು.

"ಯಾಕ್ರೋ?"

"ನಾವ್ ಹೇಳಿಲ್ಲ!" ಎಂದ ರಾಮಾಂಜಿನಪ್ಪನ ಮಗ. "ನೀನೇ ಹೇಳಿದ್ದಲ್ವಾ ಅಂಕಲ್, ನಾವು ಹೇಳಿದ್ದೇ ಆಗೋದು ಅಂತ!"

ಕನಕರಾಜ್ ಸಹಾಯಕ್ಕಾಗಿ ಅಕ್ಕಯ್ಯಮ್ಮನ ಮುಖ ನೋಡಿದ. ಆದರೆ ಅಕ್ಕಯ್ಯಮ್ಮ ಕಥೆಯ ಕಾಯಿದೆ ಬಲ್ಲವಳು. ಅರ್ಧ ಆಯುಷ್ಯ ಕಥೆ ಹೇಳಿದವಳು. "ಅದೂ ನಿಜವೇ" ಎಂದಳು ಚಿಂತೆಯಿಂದ. "ಯಾರು ಮೊದಲಿಂದ ಕೇಳ್ತಾ ಕೂತಿದ್ರೋ ಅವ್ರು ಹೂಂ ಅನ್ಬೇಕು. ನಡುವಲ್ಲಿ ಬಂದು ಸೇರ್ಕೊಂಡೋರ ಹೂಂಗೆ ಕಥೆ ಮುಂದಕ್ಕೆ ಹೋಗಲ್ಲ. ಮಾವ ಇವಳೋನು. ಇವಳು ಹೂಂ ಅನ್ಲಿ."

ಎಲ್ಲರೂ ಶಿರೀಷಾಳ ಕಡೆ ತಿರುಗಿದರು. ಅವಳು ಬಾಯಿ ಬಿಗಿದುಕೊಂಡಳು.

"ಹೂಂ ಅನ್ನು ಪುಟ್ಟಮ್ಮ" ಎಂದಳು ಪವಿತ್ರ.

"ಹೂಂ ಅಂದ್ರೆ ಲಾಡು ಕೊಡ್ತೀನಿ" ಎಂದ ರಾಮಾಂಜಿನಪ್ಪ.

"ಜೇಸಿಬಿ ಬಕೆಟ್ಟಲ್ಲಿ ಕೂರ್ಸಿ ಇಳ್ಸೋಣ್ವಾ? ಮೆಲ್ಲಗೆ? ಜುಮ್ ಅಂತ?" ಎಂದ ಕನಕರಾಜ್. ಮಿಕ್ಕ ಮಕ್ಕಳು ಆಸೆಯಿಂದ ಒಂದು ಕ್ಷಣ ಅಲ್ಲಾಡಿದರು. ಶಿರೀಷಾ ಅಲ್ಲಾಡಲಿಲ್ಲ.

ಅಮೃತ ಮೇಡಂ ಬಾಗಿಲಲ್ಲಿ ನಿಂತದ್ದು ಆಗ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಅಜ್ಜಿಯರು, ತಾಯಂದಿರು, ಡೇರಿ ಸೆಕ್ರೆಟರಿ, ಎಲ್ಲರೂ ಕಥೆಯಲ್ಲಿ ಮುಳುಗಿ ಒಂದು ಮಗುವಿನ ಬಾಯಿಯನ್ನೇ ನೋಡುತ್ತಿದ್ದಾರೆ. ಇಲಾಖೆಗೆ ಸೇರಿದಾಗಿನಿಂದ ಸಭೆಗಳಲ್ಲಿ ಸಮುದಾಯದ ಪಾಲ್ಗೊಳ್ಳುವಿಕೆ ಎಂಬ ಮಾತು ಕೇಳಿ ಕೇಳಿ ಬೇಸತ್ತಿದ್ದ ಅವರು ಅದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಕಣ್ಣು ಒದ್ದೆಯಾಯಿತು. ಮೊಬೈಲು ತೆಗೆದರು.

"ಅಜ್ಜಿ, ನೀವೂ ಕಥೆಗೆ ಬಂದಿದ್ದೀರಾ?"

"ಬರ್ದೆ ಏನ್ ಮಾಡ್ಲಿ ತಾಯಿ. ನಮ್ಮ ಸೊಸೆ ತಮ್ಮ ಮರದ ಮೇಲವ್ನೆ."

"ಅಬ್ಬಾ! ಎಷ್ಟು ಚೆನ್ನಾಗಿ ಪಾತ್ರದೊಳಗೇ ಇದ್ದಾರೆ ನೋಡಿ!" ಎಂದರು ಅಮೃತ ಮೇಡಂ ಜ್ಯೋತಿಲಕ್ಷ್ಮಿಗೆ. "ಇಂಥಾ ಪಾರ್ಟಿಸಿಪೇಷನ್ ನಾನು ಚಿಕ್ಕಬಳ್ಳಾಪುರದಲ್ಲೂ ನೋಡಿಲ್ಲ. ಈ ಸೆಂಟರ್‌ನ ಬೇರೆದಕ್ಕೆ ಸೇರಿಸೋ ಮಾತೇ ಇಲ್ಲ. ಇದೇ ಮಾಡೆಲ್ ಸೆಂಟರ್. ಮೊನ್ನೆ ವಿಡಿಯೋದಲ್ಲಿ ಒಂದು ಹುಡುಗಿ ಹೇಳಿದ್ಳಲ್ಲ, ಅಲ್ಲೇ ಇರ್ಲಿ ಅಂತ? ಅವಳೇನಾ ಇವಳು? ಅಜ್ಜಿ, ಮಗು ಹೇಳಿದ್ದೇ ಕೊನೆ ಮಾತು ಇಲ್ಲಿ, ಅಲ್ವಾ? ಕ್ಯಾಮೆರಾ ನೋಡಿ ಹೇಳಿ."

"ಹೂಂ ಮತ್ತೆ" ಎಂದಳು ಅಕ್ಕಯ್ಯಮ್ಮ ಮೊಬೈಲು ನೋಡಿಕೊಂಡು. "ಅದು ಮೊದಲಿಂದಲೂ ಹಂಗೇ."

ಜ್ಯೋತಿಲಕ್ಷ್ಮಿ ಎರಡು ದಿನದಲ್ಲಿ ಮೊದಲ ಸಲ ಉಸಿರು ಬಿಟ್ಟಳು. ಅಷ್ಟರಲ್ಲಿ ಹೊರಗಿನಿಂದ ಯಾರೋ ಕೂಗಿದರು:

"ಕೋನಪ್ಪ ಬಂದ!"

ಜನ ಎರಡು ಬದಿಗೆ ಸರಿದು ದಾರಿ ಬಿಟ್ಟರು. ಕೋನಪ್ಪ ಬಾಗಿಲಿಗೆ ತಲೆ ತಗಲದಂತೆ ಬಗ್ಗಿ ಒಳಗೆ ಬಂದ. ಆಳೆತ್ತರದ ದೇಹ, ಕಿವಿಯವರೆಗೆ ಹರಡಿದ ಮೀಸೆ. ಗೌರಿಬಿದನೂರಿನ ಕಡೆ ಬೋರ್‌ವೆಲ್ ಲಾರಿಯಲ್ಲಿ ಕೆಲಸ. ಬಂಡೆಗೆ ಸಾವಿರ ಅಡಿ ತೂತು ಕೊರೆದು ಅಭ್ಯಾಸವಿದ್ದ ಮನುಷ್ಯ. ಅಂಗಿ ಮುದುರಿತ್ತು, ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಕೆಂಪು ಡಬ್ಬಿ ಇತ್ತು.

"ಯಾವ ಕಡೆಯಿಂದ ಇಳ್ದೆ?" ಎಂದು ರಾಮಾಂಜಿನಪ್ಪ ಕೇಳಿದ.

"ಬಸ್ಸಿಂದ" ಎಂದ ಕೋನಪ್ಪ, ಅರ್ಥವಾಗದೆ.

ಪವಿತ್ರ ಅವನ ತೋಳಿಗೆ ಎರಡೇಟು ಹಾಕಿದಳು, ಅತ್ತಳು, ಮತ್ತೆ ಎರಡೇಟು ಹಾಕಿದಳು. "ಎಲ್ಲಿ ಸತ್ತಿದ್ದೋ? ಫೋನ್ ಯಾಕೆ ಆಫ್ ಮಾಡ್ಕೊಂಡಿದ್ದೆ?"

"ಬಸ್... ಬಸ್ ತಪ್ಪಿತ್ತಕ್ಕ. ದಾರಿ ತಪ್ಪಿತ್ತು."

"ನಾನ್ ಹೇಳ್ಲಿಲ್ವಾ!" ಎಂದಳು ಅಕ್ಕಯ್ಯಮ್ಮ ಊರಿಗೆಲ್ಲ. ಅವಳ ದನಿಯಲ್ಲಿ ಗೆದ್ದ ಸಂತೋಷಕ್ಕಿಂತ ಹೆಚ್ಚಾಗಿ ಲೋಕ ಇನ್ನೂ ತನ್ನ ನಿಯಮದಂತೆಯೇ ನಡೆಯುತ್ತಿದೆಯೆಂಬ ಸಮಾಧಾನವಿತ್ತು.

ಕನಕರಾಜ್ ಡ್ರಮ್ಮಿನಿಂದ ಇಳಿದು, ನಡೆದದ್ದನ್ನೆಲ್ಲ ಕೋನಪ್ಪನ ಕಿವಿಯಲ್ಲಿ ಚುಟುಕಾಗಿ ಹೇಳಿದ. ಹುಣಸೆಮರ, ಕರಡಿ, ಜೇಸಿಬಿ. ಕೋನಪ್ಪ ಗಂಭೀರವಾಗಿ ಕೇಳಿದ. ಆಮೇಲೆ ಕನಕರಾಜನನ್ನು ಕಿಟಕಿಯ ಮೂಲೆಗೆ ಎಳೆದುಕೊಂಡ.

"ಅಲ್ಲೇ ಬಿಟ್ಟಿದ್ರೆ ಚೆನ್ನಾಗಿತ್ತು ಕಣಣ್ಣ."

"ಏನಂದೆ?"

"ದಾರಿಗೀರಿ ಏನೂ ತಪ್ಪಿರ್ಲಿಲ್ಲ. ನಿನ್ನೆ ಇಡೀ ದಿನ ಚಿಕ್ಕಬಳ್ಳಾಪುರ ಬಸ್ ಸ್ಟ್ಯಾಂಡಲ್ಲೇ ಕೂತಿದ್ದೆ. ನಮ್ಮಣ್ಣನ ಮಗಳಿಗೆ ಕಿವಿ ಚುಚ್ಚಿದಾಗ ಆ ಮಗು ಕಿರುಚ್ತಲ್ಲ, ನಾನು ಅಲ್ಲೇ ಬಿದ್ಬಿಟ್ಟಿದ್ದೆ. ಮುಖಕ್ಕೆ ನೀರು ಹಾಕಿ ಎಬ್ಬಿಸಿದ್ರು. ಈ ಪುಟ್ಟಿ ನನ್ನ ತೊಡೆ ಮೇಲೆ ಕೂತು ಕಿರುಚಿದ್ರೆ... ನಾನ್ ತಡ್ಕೊಳಲ್ಲ. ಯಾರ್ಗೂ ಹೇಳ್ಬೇಡ. ಮೀಸೆ ಬಿಟ್ಟಿದ್ದೀನಿ."

ಕನಕರಾಜ್ ಆ ಮೀಸೆಯನ್ನು ಗೌರವದಿಂದ ನೋಡಿದ. ಪರದೇಶದ ವಿಡಿಯೋಗಳಲ್ಲಿ, ಕಥೆಯೊಳಗಿನ ಮಾವ ಖುದ್ದಾಗಿ ಬಂದು ತನ್ನನ್ನು ಮರದಿಂದ ಇಳಿಸಬೇಡವೆಂದು ಬೇಡಿಕೊಂಡರೆ ಏನು ಮಾಡಬೇಕೆಂದು ತೋರಿಸಿರಲಿಲ್ಲ.

"ನೋಡಮ್ಮ, ಮಾವ ಬಂದ!" ಎಂದು ನೆಂಟರೆಲ್ಲ ಶಿರೀಷಾಳನ್ನು ಮುಂದೆ ತಳ್ಳಿದರು.

ಅವಳು ಮಾವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ನಾನಿನ್ನೂ ಇಳಿ ಅಂದಿಲ್ಲ" ಎಂದಳು.

"ಹಂಗಾದ್ರೆ ಈಗ ಅನ್ನು ತಾಯಿ" ಎಂದಳು ಅಕ್ಕಯ್ಯಮ್ಮ. "ಎದುರ್ಗೇ ನಿಂತವ್ನೆ."

ಶಿರೀಷಾ ಬಹಳ ಹೊತ್ತು ಯೋಚಿಸಿದಳು. ಮಾವನ ಮೇಲೆ ಅವಳಿಗೆ ಕೋಪವಿರಲಿಲ್ಲ. ಅವನು ಬಂದಾಗಲೆಲ್ಲ ಹೆಗಲ ಮೇಲೆ ಕೂರಿಸಿಕೊಂಡು ಊರು ಸುತ್ತಿಸುವವನು. "ಇಳೀಲಿ" ಎಂದಳು ಕೊನೆಗೆ. ಊರಿಗೆ ಊರೇ "ಹೂಂ" ಎಂದು ಉಸಿರು ಬಿಟ್ಟಿತು. "ಇಳಿದು ಬಸ್ ಹತ್ತಿ ಅವ್ರ ಊರಿಗೆ ಹೋಗ್ಲಿ."

ಕೋನಪ್ಪನ ಮುಖದಲ್ಲಿ ಬೆಳಕು ಮೂಡಿತು. ಅವನು ಅರ್ಧ ಹೆಜ್ಜೆ ಬಾಗಿಲ ಕಡೆ ಇಟ್ಟೂ ಬಿಟ್ಟ. ಪವಿತ್ರ ಅಂಗಿ ಹಿಡಿದು ಎಳೆದಳು.

"ಹೊತ್ತಾಯ್ತು" ಎಂದ ಆಚಾರಿ. "ಮಾವ ಅವ್ರೆ, ಮಗು ಐತೆ, ಚಾಪೆ ಐತೆ. ಇಲ್ಲೇ ಮುಗಿಸ್ಬಿಡಣ. ಮನೆಗೆ ಹೋಗಿ ಏನ್ ಮಾಡ್ಬೇಕು."

ಎಲ್ಲರಿಗೂ ಅದೇ ಸರಿ ಕಂಡಿತು. ಚಾಪೆಯ ನಡುವೆ ಜಾಗ ಬಿಡಿಸಿದರು. ಸೂಪರ್‌ವೈಸರು ಇದೂ ಕಥೆಯ ಮುಂದಿನ ಭಾಗವೆಂದು ತಿಳಿದು ಮೊಬೈಲನ್ನು ಅಡ್ಡ ತಿರುಗಿಸಿ ಹಿಡಿದರು. ಕೋನಪ್ಪ ಗಲ್ಲಿಗೇರುವವನಂತೆ ಬಂದು ಚಕ್ಕಳಮಕ್ಕಳ ಹಾಕಿ ಕುಳಿತ. ಹಣೆಯಲ್ಲಿ ಬೆವರು. ಆಚಾರಿ ಸೂಜಿ ಒರೆಸಿಕೊಂಡ. ಅಕ್ಕಯ್ಯಮ್ಮ ಅರಿಶಿನದ ಬಟ್ಟಲು ಇಟ್ಟಳು. ಕೋನಪ್ಪ ಕೆಂಪು ಡಬ್ಬಿ ತೆರೆದು ಮುಂದೆ ಚಾಚಿದ. ಒಳಗೆ ಹತ್ತಿಯ ಮೇಲೆ ಎರಡು ಓಲೆ, ಮೆಣಸಿನ ಕಾಳಿಗಿಂತ ಚೂರು ದೊಡ್ಡವು, ಕೆಂಪು ಹರಳಿನವು.

"ಬಾ ಪುಟ್ಟಮ್ಮ" ಎಂದ, ತೊಡೆ ತಟ್ಟಿ.

ಕನಕರಾಜನಿಗೆ ತಡೆಯಲಾಗಲಿಲ್ಲ. ಅವನ ಉದ್ದೇಶ ಕೆಟ್ಟದ್ದಿರಲಿಲ್ಲ. ಉದ್ದೇಶವೇ ಇರಲಿಲ್ಲ. ಎರಡು ದಿನದ ಅಭ್ಯಾಸ ನಾಲಿಗೆಯಲ್ಲಿ ಉಳಿದಿತ್ತು, ಅಷ್ಟೆ. ಮಕ್ಕಳು ಸುತ್ತ ಕೂತಿದ್ದರು, ಕಥೆ ಒಂದು ತಿರುವಿಗೆ ಬಂದು ನಿಂತಿತ್ತು, ಅವನು ತನಗೆ ತಿಳಿಯದೆಯೇ ಕೇಳಿಬಿಟ್ಟ:

"ಈಗ ಶಿರೀಷಾ ಏನ್ ಮಾಡ್ಲಿ? ಓಲೆ ಹಾಕಿಸ್ಕೊಳ್ಳಲಾ, ಬೇಡ್ವಾ?"

ಜ್ಯೋತಿಲಕ್ಷ್ಮಿ ಕಣ್ಣು ಮುಚ್ಚಿಕೊಂಡಳು.

ಎಡಕ್ಕೋ ಬಲಕ್ಕೋ, ಕರಡಿಯೋ ಜೇಸಿಬಿಯೋ ಎಂದು ಎಲ್ಲವನ್ನೂ ಕೇಳಿದ್ದ ಕನಕರಾಜ್ ಕೂಡ ಇದನ್ನು ಅವಳಿಗೆ ಕೇಳಿರಲಿಲ್ಲ. ಮನೆಯಲ್ಲಂತೂ ಯಾರೂ ಕೇಳಿರಲಿಲ್ಲ. ಮಕ್ಕಳು ಈ ಸಲ ಕೂಗಲಿಲ್ಲ. ಎಲ್ಲರೂ ತಿರುಗಿ ಶಿರೀಷಾಳನ್ನೇ ನೋಡಿದರು. ಅಮೃತ ಮೇಡಂ ಮೊಬೈಲು ಹಿಡಿದು ಒಂದು ಹೆಜ್ಜೆ ಮುಂದೆ ಬಂದರು. ಅಕ್ಕಯ್ಯಮ್ಮ ಏನೋ ಹೇಳಲು ಬಾಯಿ ತೆರೆದವಳು ಆ ಮೊಬೈಲನ್ನೂ ಮೊಮ್ಮಗಳನ್ನೂ ನೋಡಿ, ತಾನೇ ಒಪ್ಪಿದ ಕಾಯಿದೆ ನೆನಪಾಗಿ, ಬಾಯಿ ಮುಚ್ಚಿದಳು.

ಶಿರೀಷಾ ಚಾಪೆಯ ಮೇಲೆ ನಡೆದು ಬಂದು ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಂದು ಓಲೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಚೆನ್ನಾಗಿತ್ತು. ಚೆನ್ನಾಗಿದೆಯೆಂದು ಅವಳ ಮುಖದಲ್ಲೇ ಕಾಣುತ್ತಿತ್ತು. ಅದನ್ನು ಹತ್ತಿಯ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟು, ಮುಚ್ಚಳ ಮುಚ್ಚಿ, ಡಬ್ಬಿಯನ್ನು ಮಾವನ ಕಡೆಗೆ ತಳ್ಳಿದಳು.

"ನಂಗ್ ಬ್ಯಾಡ."